ಅಂಗಿತೋಳಿನಿಂದ ಕೈ ಹೊರಗೆ

ಕಳೆದ ಶನಿವಾರ ಮಗಳ ಕೋಣೆಗೆ ಬಣ್ಣ ತರಲು ದ ಹೇಗ್‌ನ ಒಂದು ದೊಡ್ಡ ಅಂಗಡಿಗೆ ಹೋಗಿದ್ದೆ. ನಾವು ಆರಿಸಿದ ತಿಳಿಹಸಿರನ್ನು ಕಲೆಸಿ, ಸರಿಯಾಗಿದೆಯೇ ನೋಡಿ ಎಂದು ಅಂಗಡಿಯಾಕೆ ಡಬ್ಬದ ಮುಚ್ಚಳ ತೆಗೆದು ತೋರಿಸಿದಳು. ಆ ವಾಸನೆ... ಹಸಿ ಸುಣ್ಣಕ್ಕೂ ಹೊಸ ಪ್ಲಾಸ್ಟಿಕ್ ಬಕೆಟ್ಟಿಗೂ ನಡುವಿನ ಒಂದು ವಾಸನೆ. ಬಣ್ಣ ನೋಡುವುದನ್ನು ಮರೆತು ಹಾಗೇ ನಿಂತುಬಿಟ್ಟೆ. ಐಂಡ್‌ಹೋವನ್ನಿನ ನಮ್ಮ ಮೊದಲ ಬಾಡಿಗೆ ಮನೆ, ಅದರ ಬೋಳು ಗೋಡೆ, ಏಣಿಯ ಮೇಲೆ ನಿಂತು ಯಾವುದೋ ಹಾಡಿನ ಒಂದೇ ಸಾಲನ್ನು ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದ ಎತ್ತರದ ಹೆಂಗಸು, ಎಲ್ಲ ಒಟ್ಟಿಗೆ ಕಣ್ಣೆದುರು ಬಂತು.

ಅವರು ನಮ್ಮ ಪಕ್ಕದ ಮನೆಯವರು. ಡಚ್ ಭಾಷೆಯಲ್ಲಿ ಪಕ್ಕದ ಮನೆಯಾಕೆಗೆ 'ಬ್ಯೂರ್‌ವ್ರೌ' ಅನ್ನುತ್ತಾರೆ. ನಮ್ಮಲ್ಲಿ ಅಕ್ಕ, ಅತ್ತೆ ಎಂದು ಕರೆಯುವಂತೆ ಆ ಬೀದಿಯಲ್ಲಿ ಅದನ್ನೇ ಹೆಸರಿನ ಬದಲು ಬಳಸುತ್ತಿದ್ದರು. ನಾನು ಅವರನ್ನು ಬ್ಯೂರ್‌ವ್ರೌ ಎಂದು ಕರೆದೆ, ಅವರೂ ನನ್ನನ್ನು ಹಾಗೇ ಕರೆದರು. ಕೊನೆಯ ತನಕ ನಮಗಿಬ್ಬರಿಗೂ ಒಂದೇ ಹೆಸರು.

ನಾವು ಆಗ ಮೈಸೂರಿನಿಂದ ಬಂದ ಹೊಸತು. ಚಿಪ್ ತಯಾರಿಸುವ ಯಂತ್ರಗಳಿಗೆ ಬಿಡಿಭಾಗ ಮಾಡಿಕೊಡುವ ಒಂದು ಸಣ್ಣ ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ಗಂಡ ನನ್ನ ಪರ್ಮಿಟ್ಟಿನ ಮೇಲೆ ಜೊತೆಗೆ ಬಂದಿದ್ದ. ಫೆಬ್ರವರಿಯ ಒಂದು ಬೆಳಿಗ್ಗೆ ಬೀಗದಕೈ ಈಸಿಕೊಂಡು ಮನೆಯ ಬಾಗಿಲು ತೆರೆದರೆ ಒಳಗೆ ಬರೀ ಸಿಮೆಂಟು. ಹಿಂದೆ ಇದ್ದವರು ಮರದ ನೆಲಹಾಸನ್ನೇ ಕಿತ್ತುಕೊಂಡು ಹೋಗಿದ್ದರು. ದೀಪಗಳಿಲ್ಲ, ಪರದೆಗಳಿಲ್ಲ, ಗೋಡೆಯ ತುಂಬ ಮೊಳೆಯ ತೂತು. ಈ ದೇಶದಲ್ಲಿ ಎಷ್ಟೋ ಮನೆಗಳನ್ನು ಬಾಡಿಗೆಗೆ ಕೊಡುವುದೇ ಹೀಗೆ ಎಂದು ನಮಗೆ ಯಾರೂ ಹೇಳಿರಲಿಲ್ಲ.

"ಕಳ್ಳತನ ಆಗಿದೆ ಕಣೇ," ಎಂದ ನನ್ನ ಗಂಡ, ನಿಜವಾಗಿಯೂ ಗಾಬರಿಯಾಗಿ.

ಅವನು ಏಜೆಂಟಿಗೆ ಫೋನ್ ಮಾಡಲು ಹೊರಗೆ ಹೋದ. ನಾನು ಚಳಿ ತಡೆಯಲಾರದೆ ಎರಡೂ ಕೈಗಳನ್ನು ಸ್ವೆಟರಿನ ತೋಳಿನೊಳಗೆ ಎಳೆದುಕೊಂಡು ನಿಂತಿದ್ದೆ. ಆಗ ತೆರೆದ ಬಾಗಿಲಲ್ಲಿ ಅವರು ಕಾಣಿಸಿಕೊಂಡರು. ವಯಸ್ಸು ಎಪ್ಪತ್ತರ ಆಸುಪಾಸು. ಗಂಡಸರ ಹಾಗೆ ಕತ್ತರಿಸಿದ ಬಿಳಿ ಕೂದಲು, ಬಣ್ಣದ ಕಲೆಗಳಿದ್ದ ಪ್ಯಾಂಟು, ಒಂದು ಕೈಯಲ್ಲಿ ಕಾಫಿಯ ಫ್ಲಾಸ್ಕು, ಇನ್ನೊಂದರಲ್ಲಿ ಬಣ್ಣ ಹಚ್ಚುವ ರೋಲರು. ಗೋಡೆ ನೋಡಿದರು, ನೆಲ ನೋಡಿದರು, ನನ್ನನ್ನು ನೋಡಿದರು. ಆಮೇಲೆ ದೊಡ್ಡ ದನಿಯಲ್ಲಿ, "ಹಂಡೆ ಔಯ್ಟ್ ದ ಮೌವೆ!" ಎಂದರು.

ನನಗೆ ತಿಳಿದದ್ದು ಹಂಡೆ ಒಂದೇ. ಬಿಸಿನೀರಿನ ವಿಚಾರ ಇರಬಹುದು ಅಂದುಕೊಂಡೆ. ನಾನು ಕಣ್ಣು ಕಣ್ಣು ಬಿಡುವುದನ್ನು ನೋಡಿ ಅವರು ಇಂಗ್ಲಿಷಿನಲ್ಲಿ ಒಂದೊಂದೇ ಪದ ಬಿಡಿಸಿ ಹೇಳಿದರು: ಕೈಗಳು, ಹೊರಗೆ, ಅಂಗಿತೋಳಿನಿಂದ. ನನ್ನ ಸ್ವೆಟರಿನತ್ತ ಬೆರಳನ್ನೂ ತೋರಿಸಿದರು. ತಟ್ಟನೆ ನನಗೆ ಪ್ರೈಮರಿ ಶಾಲೆಯ ಸೋಮವಾರಗಳೂ ಉಗುರು ನೋಡುತ್ತಿದ್ದ ಮೇಡಮ್ಮೂ ನೆನಪಾದರು. ಎರಡೂ ಕೈ ಹೊರಗೆಳೆದು ಅಂಗೈ ತೋರಿಸಿದೆ. ಅವರು ಸುಮ್ಮನೆ ನೋಡುತ್ತಲೇ ಇದ್ದರು. ಸಾಲದೇನೋ ಎಂದು ಕೈ ತಿರುಗಿಸಿ ಉಗುರನ್ನೂ ತೋರಿಸಿದೆ.

ಅವರು ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕರು. ಫ್ಲಾಸ್ಕನ್ನು ಪಕ್ಕಕ್ಕಿಟ್ಟು, ಕಣ್ಣು ಒರೆಸಿಕೊಂಡು, ಮತ್ತೆ ನನ್ನ ಉಗುರು ನೋಡಿ ಇನ್ನೊಮ್ಮೆ ನಕ್ಕರು. ನಗು ನಿಂತ ಮೇಲೆ, ಚಾಚಿಯೇ ಇದ್ದ ನನ್ನ ಕೈಗೆ ರೋಲರು ಕೊಟ್ಟರು. ಕೆಲಸಕ್ಕೆ ಇಳಿಯೋಣ, ಮೈಬಗ್ಗಿಸಿ ದುಡಿಯೋಣ ಎನ್ನಲು ಈ ಊರಿನವರು ದಿನಕ್ಕೊಮ್ಮೆಯಾದರೂ ಹೇಳುವ ಮಾತಂತೆ ಅದು. ಕಾಫಿ ಕುಡಿಯುವಾಗ, ನಮ್ಮಲ್ಲಿ ಇದಕ್ಕೆ ಟೊಂಕ ಕಟ್ಟುವುದು ಅನ್ನುತ್ತೇವೆ ಎಂದೆ. ಹೇಗೆ ತೋರಿಸು ಎಂದು ಹಟ ಹಿಡಿದರು. ನನ್ನ ಶಾಲನ್ನು ಸೊಂಟಕ್ಕೆ ಬಿಗಿದು ತೋರಿಸಿದೆ. ತಕ್ಷಣ ಮನೆಗೆ ಓಡಿಹೋಗಿ ಒಂದು ಮೇಜುಹಾಸು ತಂದು ತಮ್ಮ ಅಗಲವಾದ ಸೊಂಟಕ್ಕೆ ಕಟ್ಟಿಕೊಂಡು ಏಣಿ ಹತ್ತಿದರು. ಏಜೆಂಟಿನೊಂದಿಗೆ ವಾದ ಮುಗಿಸಿ ಒಳಗೆ ಬಂದ ನನ್ನ ಗಂಡನಿಗೆ ಕಂಡದ್ದು ಸೊಂಟಕ್ಕೆ ಬಟ್ಟೆ ಬಿಗಿದು ಗೋಡೆ ಬಳಿಯುತ್ತಿದ್ದ ಇಬ್ಬರು ಹೆಂಗಸರು.

ನೆಲ ಹಾಸಿ ಮುಗಿಯುವ ತನಕ ಅವರು ನನ್ನೊಂದಿಗೆ ಇಂಗ್ಲಿಷ್ ಮಾತಾಡಿದರು. ಆಮೇಲೆ ಅದನ್ನು ನಿಲ್ಲಿಸಿ ಡಚ್ ಕಲಿಸಲು ಹಿಡಿದರು. ಬಿಡುವಾಗಿದ್ದರು ಎಂದಲ್ಲ, ಈಜು, ಹಾಡಿನ ಗುಂಪು, ಕಾರ್ನವಲ್ ಸಂಘ ಎಂದು ಸದಾ ಸೈಕಲ್ ಮೇಲೇ ಇರುತ್ತಿದ್ದರು. ಆದರೆ ಭಾನುವಾರ ಬೆಳಿಗ್ಗೆ ಕಾಫಿಗೆ ಮಾತ್ರ ನಾನು ಹೋಗಲೇಬೇಕು, ಡಚ್ಚಿನಲ್ಲೇ ಮಾತಾಡಬೇಕು. ನನಗೆ ಚೆನ್ನಾಗಿ ಬರುತ್ತಿದ್ದದ್ದು ಒಂದೇ ಮಾತು. ಹಾಗಾಗಿ ಅದನ್ನು ಎಲ್ಲದಕ್ಕೂ ಬಳಸಿದೆ. ಕೇಕು ಕತ್ತರಿಸುವಾಗ ಹೇಳಿದೆ. ಬಸ್ಸು ತಡವಾದಾಗ ಹೇಳಿದೆ. ಒಮ್ಮೆ ಅವರು ನಮ್ಮ ಮನೆಗೆ ಬಂದಾಗ ನಾನು ಸೋಫಾದಲ್ಲಿ ಕಾಲು ಚಾಚಿ ಕೂತು, ಪಾತ್ರೆ ತೊಳೆಯದೆ ನಿಂತಿದ್ದ ಗಂಡನಿಗೆ ಬಲು ಹೆಮ್ಮೆಯಿಂದ, "ಹಂಡೆ ಔಯ್ಟ್ ದ ಮೌವೆ!" ಎಂದೆ.

ಬ್ಯೂರ್‌ವ್ರೌ ಹುಬ್ಬು ಗಂಟಿಕ್ಕಿದರು. "ಇದು ಕೂತ್ಕೊಂಡು ಹೇಳೋ ಮಾತಲ್ಲ. ಮೊದಲು ನೀನು ಎದ್ದೇಳು, ಆಮೇಲೆ ಹೇಳು."

ಆ ದಿನ ಅವರು ತಮ್ಮ ಹುಡುಗಿತನದ ಕಥೆ ಹೇಳಿದರು. ಹದಿನಾರು ತುಂಬುವ ಹೊತ್ತಿಗೆ ಊರಿನ ರೇಡಿಯೋ ಕಾರ್ಖಾನೆಗೆ ಸೇರಿದ್ದರಂತೆ. ಉದ್ದನೆಯ ಮೇಜಿನ ಎರಡೂ ಬದಿಗೆ ಹುಡುಗಿಯರ ಸಾಲು, ಒಂದು ತುದಿಯಲ್ಲಿ ಮೇಲ್ವಿಚಾರಕಿ. ಆಕೆ ದಿನವೂ ಬೆನ್ನ ಹಿಂದೆ ಕೈ ಕಟ್ಟಿಕೊಂಡು ನಿಂತು ಇದೇ ಮಾತು ಹೇಳುತ್ತಿದ್ದಳಂತೆ. "ಅವಳ ಬಾಯಿಂದ ಕೇಳಿದರೆ ನಮ್ಮ ಕೈ ಇನ್ನೂ ಒಳಗೆ ಹೋಗ್ತಿತ್ತು," ಎಂದು ನಕ್ಕರು. ಆಮೇಲೆ ಒಂದು ಚಳಿಗಾಲ ಆಕೆಗೆ ಕಾಯಿಲೆಯಾಗಿ ಬೇರೊಬ್ಬಳು ಬಂದಳಂತೆ. ಅವಳು ಬಂದವಳೇ ಅಂಗಿತೋಳು ಮಡಚಿ ಸಾಲಿನ ನಡುವೆ ಕೂತು ತಾನೂ ಕೆಲಸ ಹಿಡಿದು, ಆಮೇಲೆ ಅದೇ ಮಾತು ಹೇಳಿದಳಂತೆ. ಆ ಚಳಿಗಾಲದಲ್ಲಿ ಹಾಡುತ್ತಾ ಕೆಲಸ ಮಾಡಿದೆವು ಎಂದರು... ಆ ಹಾಡು ಯಾವುದೆಂದು ನಾನು ಕೇಳಲೇ ಇಲ್ಲ.

ನನ್ನ ಕೆಲಸದಲ್ಲಿ ಮಾತ್ರ ಹಾಡಿನಂಥದ್ದೇನೂ ಇರಲಿಲ್ಲ. ಒಂದು ವರ್ಷದ ಕಾಂಟ್ರಾಕ್ಟು. ಅದು ಮುಗಿಯಲು ಎರಡು ತಿಂಗಳಿರುವಾಗ ಮ್ಯಾನೇಜರ್ ನನ್ನನ್ನು ಕೂರಿಸಿಕೊಂಡು, ಡಚ್ಚರ ಪದ್ಧತಿಯಂತೆ ಸುತ್ತುಬಳಸದೆ ಹೇಳಿದ. "ನಿನ್ನ ಕೆಲಸ ಚೆನ್ನಾಗಿದೆ. ಆದರೆ ನೀನು ಇದ್ದೀಯ ಅಂತಾನೇ ಟೀಮಿಗೆ ಗೊತ್ತಾಗಲ್ಲ. ಎದುರಿಗೆ ಕೂತವರಿಗೂ ಮೆಸೇಜ್ ಕಳಿಸ್ತೀಯ. ಮುಂದಿನ ವರ್ಷಕ್ಕೆ ನನಗೆ ನಾಲ್ಕು ಜನರನ್ನ ಜೊತೆಗೆ ಕರ್ಕೊಂಡು ಹೋಗೋರು ಬೇಕು." ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಕೆಲಸ ಹೋದರೆ ಪರ್ಮಿಟ್ಟು ಹೋಗುತ್ತದೆ. ಪರ್ಮಿಟ್ಟು ಹೋದರೆ ಕೈಯಾರೆ ಬಣ್ಣ ಬಳಿದ ಆ ಮನೆಯೂ ಹೋಗುತ್ತದೆ.

ಭಾನುವಾರ ಅವರ ಅಡುಗೆಮನೆಯಲ್ಲಿ ಕೂತು ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ಸೇಬಿನ ಕೇಕಿನ ದೊಡ್ಡ ತುಂಡೊಂದನ್ನು ನನ್ನ ಮುಂದಿಟ್ಟು ಕೇಳಿದರು: "ಆಫೀಸಿನಲ್ಲಿ ಕಾಫಿ ತರೋಕೆ ಎದ್ದಾಗ ಬೇರೆಯವರಿಗೂ ಬೇಕಾ ಅಂತ ಕೇಳ್ತೀಯಾ?"

"ಇಲ್ಲ. ಡಿಸ್ಟರ್ಬ್ ಆಗಬಾರದು ಅಂತ ಸುಮ್ಮನೆ ನನಗೆ ಮಾತ್ರ ತರ್ತೀನಿ."

"ನಾಳೆಯಿಂದ ಕೇಳು," ಎಂದರು. ಅಷ್ಟೇ. ಕೇಕು ತಿನ್ನು ಎಂದು ಕಣ್ಣಲ್ಲೇ ಗದರಿದರು.

ಕೇಳತೊಡಗಿದೆ. ಯಾರಿಗೆ ಸಕ್ಕರೆ ಬೇಕು, ಯಾರಿಗೆ ಬೇಡ ಎಂದು ತಿಳಿಯುವ ಹೊತ್ತಿಗೆ ಯಾರ ಮಗುವಿಗೆ ಜ್ವರ, ಯಾರ ದೋಣಿ ಮಾರಾಟಕ್ಕಿದೆ ಎಂಬುದೂ ತಿಳಿಯಿತು. ಆದರೂ ಟೀಮಿನ ಮುಂದೆ ದನಿ ಎತ್ತಿ ಮಾತಾಡುವ ಧೈರ್ಯ ಬಂದಿರಲಿಲ್ಲ.

ಆಮೇಲೆ ಆ ಶುಕ್ರವಾರ ಬಂತು. ನಾವು ಬಿಡಿಭಾಗಗಳನ್ನು ಪರೀಕ್ಷಿಸುತ್ತಿದ್ದದ್ದು ಕ್ಲೀನ್‌ರೂಮಿನಲ್ಲಿ. ಧೂಳಿನ ಕಣವೂ ಬರಬಾರದ ಕೋಣೆ ಅದು. ತಲೆಯಿಂದ ಕಾಲಿನ ತನಕ ಬಿಳಿ ಉಡುಪು, ಮುಖಕ್ಕೆ ಮಾಸ್ಕು, ಅಂಗಿತೋಳಿನ ಮೇಲೆ ಎಳೆದ ಗ್ಲೌಸು. ಕಣ್ಣು ಬಿಟ್ಟರೆ ಚರ್ಮ ಕಾಣುವಂತಿಲ್ಲ. ಆ ಮಧ್ಯಾಹ್ನ ಪ್ಯಾಕ್ ಆಗಿದ್ದ ಪೆಟ್ಟಿಗೆಗಳ ಒಳಚೀಲ ಹರಿದಿರುವುದು ಗೊತ್ತಾಯಿತು. ಎಲ್ಲವನ್ನೂ ಮತ್ತೆ ತೊಳೆದು ಪರೀಕ್ಷಿಸಬೇಕು, ಸೋಮವಾರ ಬೆಳಿಗ್ಗೆಯೇ ಲಾರಿ. ಶುಕ್ರವಾರ ನಾಲ್ಕು ಗಂಟೆಯ ನಂತರ ಡಚ್ಚರನ್ನು ಕೆಲಸದಲ್ಲಿ ಹಿಡಿದಿಡುವುದು ಸುಲಭವಲ್ಲ. ತಪ್ಪು ಯಾರದೆಂದು ಎಲ್ಲರೂ ನಿಂತಲ್ಲೇ ವಾದಿಸುತ್ತಿದ್ದರು. ನಾನು ಗೋಡೆಯ ಪಕ್ಕ ನಿಂತಿದ್ದೆ.

ಮೊದಲು ನೀನು ಎದ್ದೇಳು, ಆಮೇಲೆ ಹೇಳು... ಹೋಗಿ ಮೊದಲ ಪೆಟ್ಟಿಗೆಯನ್ನು ತೊಳೆಯುವ ಮೇಜಿನ ಮೇಲಿಟ್ಟು ಬಿಚ್ಚಿದೆ. ಒಂದು ಭಾಗವನ್ನು ತೊಳೆದು ಇಟ್ಟೆ. ತಿರುಗಿ, ಮಾಸ್ಕಿನೊಳಗಿಂದ ಆದಷ್ಟು ಜೋರಾಗಿ ಹೇಳಿದೆ: "ಕೊಮ್, ಹಂಡೆ ಔಯ್ಟ್ ದ ಮೌವೆ!"

ವಾದ ನಿಂತಿತು. ಎಲ್ಲರ ಕಣ್ಣೂ ನನ್ನ ಮೇಲೆ. ನಮ್ಮ ಟೀಮಿನ ಹಿರಿಯ ಟೆಕ್ನಿಷಿಯನ್ ಗ್ಲೌಸು ಹಾಕಿದ್ದ ತನ್ನ ಎರಡೂ ಕೈಗಳನ್ನು ನಿಧಾನಕ್ಕೆ ಮೇಲೆತ್ತಿ ನೋಡಿಕೊಂಡ.

"ಇಲ್ಲಿ ಅಂಗಿತೋಳಿನಿಂದ ಕೈ ಹೊರಗೆ ತೆಗೆದರೆ," ಎಂದ ಬಹಳ ಗಂಭೀರವಾಗಿ, "ಈ ರೂಮನ್ನೇ ಮತ್ತೆ ತೊಳೀಬೇಕಾಗುತ್ತೆ."

ಮೊದಲು ನಕ್ಕದ್ದು ನಾನೇ. ನನ್ನ ನಗು ಅವರಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲವೆಂದು ಆಮೇಲೆ ಹೇಳಿದರು. ಮಾಸ್ಕುಗಳ ಹಿಂದೆ ಎಲ್ಲರೂ ನಕ್ಕರು, ನಗುತ್ತಲೇ ಒಬ್ಬೊಬ್ಬರಾಗಿ ಮೇಜಿಗೆ ಬಂದರು. ಮಗುವನ್ನು ಡೇಕೇರಿನಿಂದ ಕರೆದುಕೊಂಡು ಹೋಗಬೇಕಿದ್ದವನು ಹೋಗಿ, ಮಗುವನ್ನು ಮನೆಗೆ ಬಿಟ್ಟು, ಎಲ್ಲರಿಗೂ ಬಿಸಿ ಬಿಸಿ ಆಲೂ ಫ್ರೈಸ್ ಕಟ್ಟಿಸಿಕೊಂಡು ವಾಪಸ್ಸು ಬಂದ. ರಾತ್ರಿ ಊಟದ ಹೊತ್ತಿಗೆ ಕೆಲಸ ಮುಗಿದಿತ್ತು.

ಕಾಂಟ್ರಾಕ್ಟು ಮುಂದುವರಿಯಿತು. ಸಹಿ ಹಾಕಿಸಿಕೊಳ್ಳುವಾಗ ಮ್ಯಾನೇಜರ್, "ಕ್ಲೀನ್‌ರೂಮಿನಲ್ಲಿ ಜನರಿಗೆ ಬಟ್ಟೆ ಬಿಚ್ಚೋಕೆ ಹೇಳಿದೆಯಂತೆ?" ಎಂದ. ಬ್ಯೂರ್‌ವ್ರೌ ಈ ಕಥೆ ಕೇಳಿ ಮೇಜು ಕುಟ್ಟಿ ಕುಟ್ಟಿ ನಕ್ಕರು. ಹಾಡಿನ ಗುಂಪಿಗೆ, ಈಜುಕೊಳಕ್ಕೆ, ಇಡೀ ಬೀದಿಗೆ ಹೇಳಿದರು. ಹೇಳುತ್ತಾ ಹೇಳುತ್ತಾ ಕಥೆ ಬೆಳೆದು, ಕೊನೆಗೆ ನಾನು ಕಂಪನಿಯ ಮಾಲೀಕನಿಗೇ ಹಾಗೆಂದು ಗದರಿದ್ದೆ ಎನ್ನುವಲ್ಲಿಗೆ ಬಂದು ನಿಂತಿತು.

ಮಗಳು ಹುಟ್ಟಿದಾಗ ಬಾಣಂತನಕ್ಕೆಂದು ಮೈಸೂರಿನಿಂದ ಅಮ್ಮ ಬಂದಿದ್ದಳು. ಆ ಸೀಮೆಯಲ್ಲಿ ಹೊರಡುವಾಗ ಜನ 'ಹೌದು' ಎಂದು ಹೇಳಿ ಹೋಗುತ್ತಾರೆ. ಹೋಗಿಬರುತ್ತೇನೆ ಎಂದು ಅದರ ಅರ್ಥ. ಉಚ್ಚಾರಣೆ ಥೇಟು ನಮ್ಮ ಹೌದೇ. ದಿನವೂ ಮಗುವನ್ನು ನೋಡಲು ಬರುತ್ತಿದ್ದ ಬ್ಯೂರ್‌ವ್ರೌ ದಿನವೂ ಬಾಗಿಲಲ್ಲಿ ಕೈಬೀಸಿ, "ಹೌದೂ!" ಎನ್ನುತ್ತಿದ್ದರು. ಒಂದು ವಾರ ಅಮ್ಮ ಸಹಿಸಿಕೊಂಡಳು.

"ಅಲ್ವೇ, ಈಯಮ್ಮ ಹೊರಡೋವಾಗೆಲ್ಲ ಹೌದು ಹೌದು ಅಂತಾರಲ್ಲ, ನಾನು ಏನೂ ಕೇಳೇ ಇಲ್ವಲ್ಲೇ?"

ಅರ್ಥ ತಿಳಿದ ಮೇಲೆ ಅಮ್ಮನಿಗೂ ಅದೇ ರೂಢಿಯಾಯಿತು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದಿದ್ದರೂ ಇಬ್ಬರೂ ಬಾಗಿಲಲ್ಲಿ ನಿಂತು ಹೌದು, ಹೌದು ಎಂದು ಒಪ್ಪಿಕೊಳ್ಳುತ್ತಲೇ ಇದ್ದರು. ಅಮ್ಮ ಊರಿಗೆ ಹಿಂತಿರುಗಿದ ಮೇಲೆ ನಾನು ಮತ್ತೆ ಕೆಲಸಕ್ಕೆ ಹೊರಟಾಗ ವಾರದಲ್ಲಿ ಎರಡು ದಿನ ಮಗುವನ್ನು ಬ್ಯೂರ್‌ವ್ರೌ ನೋಡಿಕೊಂಡರು. ನಮ್ಮ ಮಗಳು ತೊದಲು ಡಚ್ ಕಲಿತದ್ದು ಅವರ ತೊಡೆಯ ಮೇಲೆ.

ಅವಳಿಗೆ ಮೂರು ವರ್ಷವಾಗುವ ಹೊತ್ತಿಗೆ ಗಂಡನಿಗೆ ದ ಹೇಗ್‌ನಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ನನಗೂ ಇಲ್ಲಿ ಹತ್ತಿರದಲ್ಲಿ ಒಂದು ಕೆಲಸ ಸಿಕ್ಕಿತು. ಮನೆ ಬಿಡುವ ಮೊದಲು ಗೋಡೆಗಳಿಗೆ ಮತ್ತೆ ಬಿಳಿ ಹಚ್ಚಿ ಕೊಡಬೇಕಿತ್ತು. ಬ್ಯೂರ್‌ವ್ರೌ ಸೊಂಟಕ್ಕೆ ಬಟ್ಟೆ ಬಿಗಿದುಕೊಂಡೇ ಬಂದರು. ಆದರೆ ಸ್ವಲ್ಪ ಹೊತ್ತಿಗೆಲ್ಲ ಏಣಿಯಿಂದ ಇಳಿದು ಮೆಟ್ಟಿಲ ಮೇಲೆ ಕೂತರು.

"ಇವತ್ತು ನೀನೇ ಹಚ್ಚು. ನಾನು ನೋಡ್ತೀನಿ."

ಅವರು ಕೂತು ಕೆಲಸ ನೋಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ವಯಸ್ಸಾಯಿತಲ್ಲ ಎಂದುಕೊಂಡೆ. ಕಾಯಿಲೆಯ ವಿಷಯ ಅವರಿಗೆ ಅಷ್ಟರಲ್ಲಾಗಲೇ ತಿಳಿದಿತ್ತಂತೆ. ನಾವು ಹೊರಡುವ ಗಡಿಬಿಡಿಯಲ್ಲಿ ಅದನ್ನು ಹೇಳಲು ಅವರಿಗೆ ಇಷ್ಟವಿರಲಿಲ್ಲ... ಚಳಿಗಾಲದಲ್ಲಿ ಅವರ ಮಗಳು ಫೋನ್ ಮಾಡಿ ಹೇಳಿದಾಗಲೇ ನಮಗೆ ಗೊತ್ತಾದದ್ದು.

ಮರುದಿನವೇ ರೈಲು ಹತ್ತಿ ಹೋದೆವು. ಕೊನೆಯ ದಿನಗಳ ರೋಗಿಗಳನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ, ತೋಟ ಕಾಣುವ ಕಿಟಕಿಯ ಪಕ್ಕ ಮಲಗಿದ್ದರು. ಕುತ್ತಿಗೆಯ ತನಕ ಹೊದಿಕೆ. "ಇಲ್ಲಿ ಕೈ ಹೊರಗೆ ತೆಗೆಯೋಕೇ ಬಿಡಲ್ಲ, ನರ್ಸ್ ಬಂದು ಬಂದು ಒಳಗೆ ಹಾಕ್ತಾಳೆ," ಎಂದು ದೂರು ಹೇಳಿ ಕಣ್ಣು ಮಿಟುಕಿಸಿದರು. ನಮ್ಮ ಮಗಳನ್ನು ಹಾಸಿಗೆಯ ಮೇಲೆ ಕೂರಿಸಿಕೊಂಡು, ಹೊಸ ಊರಿನಲ್ಲಿ ಬಾತುಕೋಳಿಗಳಿವೆಯೇ, ಅವು ಏನು ಮಾತಾಡುತ್ತವೆ ಎಂದೆಲ್ಲ ವಿಚಾರಿಸಿದರು. ನಾನು ಅಳಬಾರದೆಂದು ಕಿಟಕಿಯ ಕಡೆ ತಿರುಗಿದ್ದೆ. ಅವರೇ ನನ್ನನ್ನು ನಗಿಸಿ ಕಳಿಸಿದರು.

ಅಂತ್ಯಕ್ರಿಯೆಯ ನಂತರ ಅಲ್ಲಿಯ ಪದ್ಧತಿಯಂತೆ ಕಾಫಿ, ಜೊತೆಗೆ ಮಾಂಸ ತುಂಬಿದ ಬನ್ನು. ಹಾಡಿನ ಗುಂಪಿನವರು, ಕಾರ್ನವಲ್ ಸಂಘದವರು, ಬೀದಿಯವರು, ಎಲ್ಲ ಅವರ ಕಥೆಗಳನ್ನು ಹೇಳಿ ನಗುತ್ತಿದ್ದರು. ಇಬ್ಬರು ಅಪರಿಚಿತರು ಬಂದು, ಮಾಲೀಕನಿಗೆ ಗದರಿದವಳು ನೀನೇನಾ ಎಂದು ಕೈ ಕುಲುಕಿದರು. ಅವರ ಮಗಳು ನನ್ನನ್ನು ಮೇಜಿನ ತುದಿಗೆ ಕರೆದುಕೊಂಡು ಹೋಗಿ, ಬೇರೆಯಾಗಿ ಮುಚ್ಚಿಟ್ಟಿದ್ದ ಒಂದು ತಟ್ಟೆ ತೆರೆದಳು. ಒಳಗೆ ಚೀಸ್ ಹಾಕಿದ ಬನ್ನುಗಳಿದ್ದವು. "ಬ್ಯೂರ್‌ವ್ರೌ ಮಾಂಸ ತಿನ್ನಲ್ಲ, ಅವಳಿಗೆ ಬೇರೆ ಮಾಡಿಸು ಅಂತ ಅಮ್ಮ ಮೊದಲೇ ಹೇಳಿದ್ದರು," ಎಂದಳು. ಆಗ ನನಗೆ ತಡೆಯಲಾಗಲಿಲ್ಲ.

ನಮ್ಮ ಮಗಳಿಗೆ ಈಗ ಐದು ವರ್ಷ. ಅವಳಿಗೆ ಅವರ ನೆನಪಿಲ್ಲ. ಫೋಟೋ ತೋರಿಸಿದರೆ "ಇವರು ಯಾರು?" ಎಂದು ಕೇಳಿ, ನಾನು ಹೇಳುವುದನ್ನು ಕಥೆಯೆಂಬಂತೆ ಕೇಳುತ್ತಾಳೆ. ಆದರೆ ದೇಶದ ದಕ್ಷಿಣಕ್ಕಿರುವ ಐಂಡ್‌ಹೋವನ್ ಕಡೆಯವರ ಡಚ್ಚಿನಲ್ಲಿ 'ಗ' ಅಕ್ಷರ ಬಲು ಮೆತ್ತಗೆ, ಉಸಿರು ಬಿಟ್ಟ ಹಾಗೆ ಬರುತ್ತದೆ. ಇಲ್ಲಿ ದ ಹೇಗ್‌ನಲ್ಲಿ ಅದು ಗಂಟಲು ಕೆರೆದುಕೊಂಡ ಹಾಗೆ. ಶಾಲೆಗೆ ಸೇರಿದ ಮೊದಲ ದಿನ ಅವಳು ಬಾಯಿ ತೆರೆದದ್ದೇ ತಡ, "ಅರೆ, ಇವಳು ದಕ್ಷಿಣದ ಅಜ್ಜಿಯರ ಹಾಗೆ ಮಾತಾಡ್ತಾಳಲ್ಲ!" ಎಂದು ಟೀಚರ್ ನಕ್ಕಿದ್ದಳು.

ಇಲ್ಲಿಯ ಮಕ್ಕಳ ಜೊತೆ ಆಡುತ್ತಾ ಆಡುತ್ತಾ ಆ ಮೆತ್ತನೆಯ 'ಗ' ಕೂಡ ಹೋಗುತ್ತಿದೆ. ನಾನು ಉಳಿಸಿಕೊಡಲಾರೆ; ನನ್ನ 'ಗ' ಮೈಸೂರಿನದು. ಇವತ್ತು ಬೆಳಿಗ್ಗೆ ಶಾಲೆಯ ಬಾಗಿಲಲ್ಲಿ ಟೀಚರಿಗೆ "ಗುಡೆಮೊರ್ಗೆ" ಎಂದು ನಮಸ್ಕಾರ ಹೇಳಿದಳು. ಕಿವಿಗೊಟ್ಟು ಕೇಳಿದೆ. ಮೊದಲನೆಯ ಗ ಒರಟಾಗಿಬಿಟ್ಟಿತ್ತು. ಎರಡನೆಯದು ಇನ್ನೂ ಮೆತ್ತಗಿತ್ತು.