ಗಲ್ಲಾದ ಕುರ್ಚಿ ಮತ್ತು ಎದುರಿನ ಅಂಗಡಿ

ನಮ್ಮ ಧಣಿ ಯಾರನ್ನೂ ನಂಬುತ್ತಿರಲಿಲ್ಲ. ದೂರು ಹೇಳುತ್ತಿಲ್ಲ, ಸಾಂತಾಕ್ರೂಜ್ ಸ್ಟೇಷನ್ನಿನ ಹತ್ತಿರದ ಆ ಹೋಟೆಲು ನಡೆಯುತ್ತಿದ್ದುದೇ ಅಪನಂಬಿಕೆಯ ಮೇಲೆ. ಪುಡಿಗೆ ಚಿಕೋರಿ ಎಷ್ಟು ಬೀಳುತ್ತದೆಂದು ಕಾಫಿ ಮಾಡುವವನಿಗೇ ಗೊತ್ತಿರಲಿಲ್ಲ. ಧಣಿ ಬಾಗಿಲು ಹಾಕಿಕೊಂಡು ತಾವೇ ಬೆರೆಸುತ್ತಿದ್ದರು. ಸಾಂಬಾರು ಪುಡಿ ಆಂಟಾಪ್ ಹಿಲ್‌ನ ಅವರ ಮನೆಯಿಂದ ಡಬ್ಬದಲ್ಲಿ ಬರುತ್ತಿತ್ತು. ಎಲ್ಲ ಕೆಲಸ ಕಲಿತವನು ಒಂದು ದಿನ ತನ್ನದೇ ಹೋಟೆಲು ಇಡುತ್ತಾನೆ ಎಂದು ಅವರ ಹೆದರಿಕೆ. ಹೆದರಿಕೆಗೆ ಕಾರಣವೂ ಇತ್ತು. ಪರೇಲಿನ ಒಬ್ಬರ ಹೋಟೆಲಿನಲ್ಲಿ ಎಲ್ಲ ಕಲಿತು ಎದ್ದು ಬಂದವರು ಅವರು.

ಐವತ್ತರ ದಶಕದ ಆ ವರ್ಷಗಳಲ್ಲಿ ನಾನು ಅಲ್ಲಿ ಸಪ್ಲಾಯರ್. ಉಡುಪಿ ಕಡೆಯಿಂದ ಬಂದವನಿಗೆ ಮುಂಬಯಿಯಲ್ಲಿ ಬೇಕಾಗಿದ್ದುದು ಒಂದೇ: ಗಲ್ಲಾದ ಕುರ್ಚಿ. ಬೆಳಗಿನಿಂದ ರಾತ್ರಿಯವರೆಗೆ ಒದ್ದೆ ನೆಲದ ಮೇಲೆ ನಿಂತು ನನ್ನ ಕಾಲ್ಬೆರಳ ಸಂದೆಲ್ಲ ಹುಣ್ಣಾಗಿತ್ತು. ಗಲ್ಲಾದಲ್ಲಿ ಕೂರುತ್ತಿದ್ದ ಧಣಿಯ ಬಾಮೈದ ಊರಿಗೆ ಹೋದವನು ತಿರುಗಿ ಬಂದಿರಲಿಲ್ಲ. ಕುರ್ಚಿ ಯಾರಿಗೆ ಎಂದು ಎಲ್ಲರೂ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತಿದ್ದೆವು.

ಆಗ ನನಗೊಂದು ಯೋಚನೆ ಹೊಳೆಯಿತು. ಬೆಳಗ್ಗೆ ಆಫೀಸಿಗೆ ಹೊರಟವರು ಒಂದು ಕಾಫಿಗಾಗಿ ಟೇಬಲ್ಲು ಹಿಡಿದು ಕೂರುತ್ತಿದ್ದರು. ಲೋಕಲ್ ರೈಲು ಬಂದ ಸದ್ದಾದರೆ ಅರ್ಧ ಬಿಟ್ಟು ಓಡುತ್ತಿದ್ದರು. ಬಾಗಿಲ ಪಕ್ಕದಲ್ಲಿ ಒಂದು ಹಲಗೆ ಹೊಡೆಸಿ, ನಿಂತೇ ಕುಡಿದು ಹೋಗುವ ಹಾಗೆ ಮಾಡಿದರೆ ಏನು?

ಅಡುಗೆ ಭಟ್ಟರಿಗೆ ಹೇಳಿದೆ. ಅವರು ಸೌಟು ನಿಲ್ಲಿಸಿದರು. "ಬಾಯಿ ಮುಚ್ಚಿ ಕೆಲಸ ಮಾಡು ಮಾರಾಯ. ಇಲ್ಲಿ ತಲೆ ಉಂಟು ಅಂತ ತೋರಿಸಿದವರು ಯಾರೂ ಉಳಿದಿಲ್ಲ."

ನನಗೆ ಭಟ್ಟರ ಮೇಲೆಯೇ ಅನುಮಾನ ಬಂತು. ನನ್ನ ಬಾಯಿ ಮುಚ್ಚಿಸಿ ತಾವೇ ಹೋಗಿ ಹೇಳಿದರೆ? ಅಂದೇ ಮಧ್ಯಾಹ್ನ ಧಣಿಯ ಮುಂದೆ ನಿಂತೆ.

ಅವರು ಪೂರ್ತಿ ಕೇಳಿದರು. ಆಮೇಲೆ ಮೆಲ್ಲಗೆ, "ಯಾರು ಹೇಳಿಕೊಟ್ಟದ್ದು ನಿಂಗೆ?" ಎಂದರು.

"ಯಾರೂ ಇಲ್ಲ ಧಣಿ. ನಂಗೇ ಹೊಳೆದದ್ದು."

ಅದನ್ನು ಕೇಳಿ ಅವರ ಮುಖ ಇನ್ನಷ್ಟು ಕಪ್ಪಿಟ್ಟಿತು. ಬೇರೆಯವರು ಹೇಳಿಕೊಟ್ಟಿದ್ದರೇ ಅವರಿಗೆ ಸಮಾಧಾನವಾಗುತ್ತಿತ್ತೋ ಏನೋ. ಅಂದಿನಿಂದ ನಾನು ರಜೆಯ ದಿನ ಎಲ್ಲಿಗೆ ಹೋಗುತ್ತೇನೆ, ಯಾರ ಜೊತೆ ಮಾತಾಡುತ್ತೇನೆ ಎಂಬುದೆಲ್ಲ ಅವರಿಗೆ ತಿಳಿಯುತ್ತಿತ್ತು. ಅಷ್ಟರಲ್ಲಿ ಬಡಗಿ ಬಂದು ಬಾಗಿಲ ಪಕ್ಕ ಹಲಗೆ ಹೊಡೆದು ಹೋದ. ನಿಂತು ಕುಡಿಯುವವರು ಮುತ್ತಿಕೊಂಡರು. ನನ್ನ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಒಂದು ಬೆಳಗ್ಗೆ ಧಣಿ ಕರೆದರು. ಕೃಷ್ಣನ ಪಟದ ಮುಂದೆ ದೀಪ ಉರಿಯುತ್ತಿತ್ತು.

"ಆಣೆ ಹಾಕು. ಎಂದಿಗೂ ಸ್ವಂತ ಹೋಟೆಲು ಇಡುವುದಿಲ್ಲ ಅಂತ ಹೇಳು. ಗಲ್ಲಾದಲ್ಲಿ ಕೂರಿಸ್ತೇನೆ."

ದೇವರಾಣೆ, ಆ ಕ್ಷಣದವರೆಗೆ ಸ್ವಂತ ಹೋಟೆಲಿನ ಯೋಚನೆ ನನ್ನ ತಲೆಯಲ್ಲಿ ಸುಳಿದಿರಲಿಲ್ಲ. ನನಗೆ ಬೇಕಾಗಿದ್ದುದು ಕುರ್ಚಿ. ಕೈ ಮುಗಿದು ಬಾಯಿ ತೆರೆಯುವಾಗ ಕಣ್ಣು ಬೀದಿಯ ಆಚೆಗೆ ಹೋಯಿತು. ಅಲ್ಲಿ ದರ್ಜಿಯೊಬ್ಬ ಖಾಲಿ ಮಾಡಿದ್ದ ಸಣ್ಣ ಅಂಗಡಿ. ನಾಲ್ಕು ಟೇಬಲ್ಲು ಹಿಡಿಯಬಹುದು, ಬಾಗಿಲಿಗೊಂದು ಹಲಗೆ. ಮುಗಿದ ಕೈ ಇಳಿಸಿಬಿಟ್ಟೆ. ದೇವರ ಮುಂದೆ ಸುಳ್ಳಾಣೆ ಹಾಕುವ ಧೈರ್ಯ ನನಗಿರಲಿಲ್ಲ.

ಧಣಿ ನನ್ನ ಕಣ್ಣು ಹೋದ ಕಡೆಗೆ ತಾವೂ ನೋಡಿದರು. ಇನ್ನು ಗಂಟುಮೂಟೆ ಕಟ್ಟುವುದೇ ಎಂದುಕೊಂಡೆ.

"ನಾಳೆಯಿಂದ ಗಲ್ಲಾಕ್ಕೆ ಬಾ," ಎಂದರು. "ಒಳಗೆ ಇದ್ರೆ ನೀನು ಎಂತ ಯೋಚಿಸ್ತಿ ಅಂತ ನಂಗೆ ಕಾಣುವುದಿಲ್ಲ."

ಹೀಗೆ ನನಗೆ ಕುರ್ಚಿ ಸಿಕ್ಕಿತು. ಕಾಲು ಒಣಗಿತು, ಹುಣ್ಣು ಮಾಯಿತು. ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಧಣಿ ಕೂರುತ್ತಿದ್ದರು.

ಕೆಲವು ದಿನಗಳಲ್ಲಿ ಎದುರಿನ ಅಂಗಡಿಗೆ ಹೊಸ ಬೀಗ ಬಿತ್ತು. ಯಾರೋ ಹೋಟೆಲಿನವರೇ ಬಂದರೆಂದುಕೊಂಡೆ. ಬಿಲ್ಡಿಂಗಿನ ಕಾವಲುಗಾರನನ್ನು ಕೇಳಿದೆ. ನಿಮ್ಮ ಸೇಠ್‌ಗಳೇ ಬಾಡಿಗೆಗೆ ಹಿಡಿದಿದ್ದಾರೆ ಎಂದ.

ಏನೋ ಇಡುತ್ತಾರೆಂದು ಕಾದೆ. ಮಳೆಗಾಲ ಕಳೆದರೂ ಬೀಗ ಹಾಗೆಯೇ ಇತ್ತು. ಚೆಲ್ಲಿದ ಸಕ್ಕರೆಯನ್ನೂ ಬಳಿದು ಡಬ್ಬಕ್ಕೆ ಹಾಕಿಸುವ ಮನುಷ್ಯ ಅವರು. ತಡೆಯಲಾರದೆ ಕೇಳಿದೆ, "ಅಲ್ಲಿ ಎಂತ ಇಡುವುದು ಧಣಿ?"

"ಎಂತದೂ ಇಲ್ಲ. ನೀನು ಈ ಕಡೆ ನೋಡಿ ಕೂತ್ಕೋ."

ಈ ಕಡೆಯೇ ನೋಡಿ ಕೂತೆ. ನಾನೊಂದು ಹೋಟೆಲು ನಡೆಸಬಲ್ಲೆ ಎಂದು ಊರಿನಲ್ಲಿ ನನ್ನ ಅಪ್ಪನೂ ನಂಬಿರಲಿಲ್ಲ. ನಂಬಿದವರು ಧಣಿಯೊಬ್ಬರೇ, ತಿಂಗಳು ತಿಂಗಳೂ ಆ ಖಾಲಿ ಅಂಗಡಿಯ ಬಾಡಿಗೆ ಕಟ್ಟುತ್ತಿದ್ದರು.