ರೈಫಲ್ ಆರಿಸುವ ಎಲ್ಡನ್

ಅಮೆರಿಕದ ವಯೋಮಿಂಗಿನ ನಮ್ಮೂರಲ್ಲಿ ಪ್ರತಿ ಶನಿವಾರ ನನ್ನ ಬಂದೂಕಿನಂಗಡಿಯ ಬಾಗಿಲು ತೆಗೆಯುವ ಮೊದಲೇ ಬಂದು ನಿಲ್ಲುವವನು ಕುರಿ ಎಲ್ಡನ್ ಎಂದೇ ಹೆಸರಾದ ಎಲ್ಡನ್ ಸ್ಟ್ರೋಮ್. ಅವನಿಗೆ ಬೇಕಾದದ್ದು ಕುರಿಮರಿ ಕದಿಯುವ ಕಯೋಟೆ ಎಂಬ ಸಣ್ಣ ತೋಳಗಳನ್ನು ಹೊಡೆಯಲು ಒಂದು ರೈಫಲ್, ಅಷ್ಟೇ. ಆದರೆ ಆರಿಸುವುದರಲ್ಲೇ ಎಷ್ಟೋ ಚಳಿಗಾಲ ಕಳೆದಿದ್ದಾನೆ. ಸಣ್ಣ ಗುಂಡಿನ 223 ಕ್ಯಾಲಿಬರಿನದನ್ನು ಕೈಗೆ ಕೊಟ್ಟರೆ, "ತೊಗಲು ಹಾಳಾಗಲ್ಲ, ಸರಿ. ಆದ್ರೆ ನಮ್ಮ ಕಡೆ ಗಾಳಿಗೆ ಈ ಗುಂಡು ಪಕ್ಕದ ಜಿಲ್ಲೆಗೆ ಹೋಗ್ತದೆ ಕಣಯ್ಯಾ" ಅನ್ನುತ್ತಾನೆ. ಗಾಳಿಗೆ ಜಗ್ಗದ ಭಾರದ ಗುಂಡಿನ 243 ತೆಗೆದರೆ, "ನಾನು ಹೊಡೀಬೇಕಾಗಿರೋದು ಕಯೋಟೆನೋ, ಕಾಡೆಮ್ಮೆನೋ?" ಉದ್ದ ಬ್ಯಾರಲ್ ಪಿಕಪ್ಪಿನ ಬಾಗಿಲಿಗೆ ತಗಲುತ್ತದೆ, ಗಿಡ್ಡದ್ದರಲ್ಲಿ ಗುಂಡಿಗೆ ವೇಗ ಸಾಲದು, ದಪ್ಪದ್ದನ್ನು ಹೊತ್ತು ಗುಡ್ಡ ಹತ್ತಲಾಗದು. ಅಷ್ಟರಲ್ಲಿ ನನ್ನ ಕಾಫಿ ಮುಗಿದು ಮಧ್ಯಾಹ್ನವಾಗಿರುತ್ತದೆ. ಕಳೆದ ಫೆಬ್ರವರಿಯಲ್ಲಿ ಅವನು ಬರುವುದು ನಿಂತಿತು. ನಾನೇ ಒಂದು ರೈಫಲ್ ಆರಿಸಿಕೊಂಡು ಅವನ ಮನೆಗೆ ಹೋದೆ. ಕೆಮ್ಮು ಹಿಡಿದು ಮಲಗಿದ್ದವನು ಕಂಬಳಿ ಹೊದ್ದು ಜಗಲಿಗೆ ಬಂದ. ದೊಡ್ಡಿಯಲ್ಲಿ ಒಂದು ಕುರಿಯೂ ಇರಲಿಲ್ಲ; ಎಷ್ಟೋ ವರ್ಷದ ಹಿಂದೆ, ಹೆಂಡತಿ ತೀರಿಕೊಂಡಾಗಲೇ ಎಲ್ಲವನ್ನೂ ಮಾರಿಬಿಟ್ಟಿದ್ದನಂತೆ. ಅಷ್ಟರಲ್ಲಿ ಬೇಲಿಯಾಚೆ ಹಿಮದ ಮೇಲೆ ಒಂದು ಕಯೋಟೆ ಬಂದು ಕೂತು ನಮ್ಮತ್ತ ನೋಡತೊಡಗಿತು. "ತಗೋ, ಇದನ್ನಾದ್ರೂ ಹೊಡೆದು ನೋಡು" ಎಂದು ರೈಫಲ್ ಚಾಚಿದೆ. ಎಲ್ಡನ್ ಬ್ಯಾರಲನ್ನು ಮೆಲ್ಲಗೆ ನೆಲದತ್ತ ತಗ್ಗಿಸಿದ. "ಬೇಡ ಮಾರಾಯ. ಶನಿವಾರಕ್ಕೆ ನೀನಿದ್ದೀಯ. ಉಳಿದ ದಿನ ಇದೇ ತಾನೇ ಬರೋದು."