ಮಾವ ಮಾಡಿದ ಕ್ಷೌರ

ಮಾನಸಿಕ ಆಸ್ಪತ್ರೆಯ ಗಂಡಸರ ವಾರ್ಡಿನ ಅಟೆಂಡರನನ್ನು ರೋಗಿಗಳೆಲ್ಲ ಮಾವ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಯಾರ ಮೇಲೂ ಕೈ ಎತ್ತದ ಜೀವ. ಇದ್ದದ್ದು ಒಂದೇ ಚಟ: ತನ್ನ ವಾರ್ಡಿನವರು ಕೋರ್ಟಿಗೆ ಹೊರಟರೆ ಮದುವೆಗಂಡಿನ ಹಾಗೆ ಹೊರಡಿಸಬೇಕು. ಗಡ್ಡ ಬೋಳಿಸಿ, ಉಗುರು ಕತ್ತರಿಸಿ, ಮನೆಯಿಂದ ತನ್ನದೇ ಇಸ್ತ್ರಿ ಅಂಗಿ ತಂದು ತೊಡಿಸುತ್ತಿದ್ದ. "ನಮ್ಮವ್ರೂ ಮನುಷ್ಯರೇ ಅಂತ ನೋಡ್ಲಿ" ಎನ್ನುತ್ತಿದ್ದ. ತಪ್ಪೇನಿತ್ತು ಹೇಳಿ?

ಗಡಿಯಾರ ರಿಪೇರಿಯವನೊಬ್ಬ ಪಕ್ಕದ ಅಂಗಡಿಯವನ ತಲೆಗೆ ಸ್ಟೂಲಿನಿಂದ ಹೊಡೆದು ಆ ವಾರ್ಡಿಗೆ ಬಂದಿದ್ದ. ಗೋಡೆಯೊಳಗಿನ ದನಿಗಳು ಹೊಡೆ ಎಂದಿದ್ದವಂತೆ. ವಿಚಾರಣೆ ಎದುರಿಸುವಷ್ಟು ಬುದ್ಧಿ ಅವನಿಗೆ ನೆಟ್ಟಗಿದೆಯೇ ಎಂದು ಕೋರ್ಟು ತೀರ್ಮಾನಿಸಬೇಕಿತ್ತು. ಇಲ್ಲವಾದರೆ ಆಸ್ಪತ್ರೆ, ಇದ್ದರೆ ಜೈಲು.

"ಬೇರೆ ದೇಶದಲ್ಲಾಗಿದ್ರೆ ಮೂವರು ಡಾಕ್ಟರು ಹೇಳಿದ್ದೇ ಕೊನೇ ಮಾತು" ಎಂದು ವಾರ್ಡಿನ ಡಾಕ್ಟರಮ್ಮ ಗೊಣಗಿದರು. "ಇಲ್ಲಿ ಹಳೇ ಜಡ್ಜ್ ನನ್ನ ವರದಿ ನಂಬ್ತಿದ್ರು. ಹೊಸಬರು ಕಣ್ಣಾರೆ ನೋಡಿದ್ರೆ ಮಾತ್ರ ನಂಬ್ತಾರಂತೆ."

ಕಣ್ಣಾರೆ ನೋಡುತ್ತಾರೆ ಎಂದಮೇಲೆ ಮಾವ ಸುಮ್ಮನಿರುತ್ತಾನೆಯೇ? ಮರ್ಯಾದಸ್ಥನಂತೆ ಕಂಡರೆ ಜಡ್ಜಿಗೆ ಕನಿಕರ ಬರುತ್ತದೆ ಎಂದು ನಂಬಿದ, ಪಾಪ, ಪೆದ್ದ. ಗಡಿಯಾರದವನಿಗೆ ವಾರವಿಡೀ ಪಾಠ ಹೇಳಿಕೊಟ್ಟ: ನೆಟ್ಟಗೆ ನಿಲ್ಲು, ಹೆಸರು ಹೇಳು, ಇವತ್ತು ಯಾವ ವಾರ ಹೇಳು, ಗೋಡೆ ಕಡೆ ಮಾತ್ರ ತಿರುಗಬೇಡ. ಕೋರ್ಟಿನ ದಿನ ಎರಡೆರಡು ಸಲ ಗಡ್ಡ ಬೋಳಿಸಿದ.

ಗಡಿಯಾರದವನು ಕಟಕಟೆಯಲ್ಲಿ ಒಂದನ್ನೂ ತಪ್ಪಲಿಲ್ಲ. ಜಡ್ಜ್ ಡಾಕ್ಟರಮ್ಮನ ವರದಿಯನ್ನು ಮಗುಚಿಟ್ಟು, "ನನಗಿಂತ ನೀಟಾಗಿದ್ದಾನಲ್ರೀ" ಎಂದರು. ಎಲ್ಲರೂ ನಕ್ಕರು. ಮಾವನೂ ಹೆಮ್ಮೆಯಿಂದ ನಕ್ಕ. ಆಮೇಲೆ ಜಡ್ಜ್ ಆದೇಶ ಓದಿದರು: ಬುದ್ಧಿ ನೆಟ್ಟಗಿದೆ, ಜೈಲಿಗೆ ಕಳಿಸಿ.

"ಸ್ವಾಮಿ, ಅದೆಲ್ಲ ನಾನು ಹೇಳ್ಕೊಟ್ಟಿದ್ದು" ಎಂದು ಮಾವ ಎದ್ದು ನಿಂತ. ಪೊಲೀಸಿನವನು ಭುಜ ಒತ್ತಿ ಕೂರಿಸಿದ.

ಜೈಲಿನಲ್ಲಿ ಹೊತ್ತುಹೊತ್ತಿಗೆ ಪುಸಲಾಯಿಸಿ ಮಾತ್ರೆ ನುಂಗಿಸುವವರು ಯಾರು? ಹನ್ನೊಂದನೆಯ ದಿನ ಗಡಿಯಾರದವನು ಗೋಡೆಗೆ ತಲೆ ಚಚ್ಚಿಕೊಂಡು ಸತ್ತ.

ಶವಾಗಾರದ ಬಾಗಿಲಲ್ಲಿ ಅವನ ಅಕ್ಕ ಮಾವನ ಕೈ ಹಿಡಿದುಕೊಂಡಳು. ಬೈಯಲಿ, ಹೊಡೆಯಲಿ ಎಂದು ಅವನು ತಲೆ ತಗ್ಗಿಸಿದ.

"ಅವತ್ತು ಕೋರ್ಟಲ್ಲಿ ಎಷ್ಟು ಚೆನ್ನಾಗಿ ಕಾಣ್ತಿದ್ದ, ಅಣ್ಣಾ" ಎಂದಳು. "ಎಷ್ಟೋ ವರ್ಷ ಆದ್ಮೇಲೆ ನನ್ ತಮ್ಮನ ಮುಖ ನೋಡ್ದೆ. ಈಗ ಮತ್ತೆ ಗಡ್ಡ ಬಂದ್ಬಿಟ್ಟಿದೆ. ಇನ್ನೊಂದ್ ಸಲ ಮಾಡಿಕೊಡ್ತೀರಾ?"

ಮಾವ ಆಸ್ಪತ್ರೆಗೆ ಹೋಗಿ ರೇಜರ್ ತಂದ. ಕಣ್ಣು ತುಂಬಿ ಕೆನ್ನೆಯೇ ಕಾಣುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನ ಕೈ ತಪ್ಪಿ ಗಾಯವಾಯಿತು. ರಕ್ತ ಬರಲಿಲ್ಲ.